ಜೀವನಾಂಶ ವಸೂಲಿ ಮಾಡಬೇಕಾದ್ದು ಯಾರು?

ನಮ್ಮ ಅಕ್ಕನ ಹತ್ತಿರ ಒಂದು ನೋಟ್‌ಬುಕ್ ಇದೆ. ಮಗಳು ಅರ್ಧ ಬರೆದು ಬಿಟ್ಟಿದ್ದ ಗಣಿತದ ಪುಸ್ತಕ. ಹಿಂದಿನ ಪುಟದಿಂದ ತೆಗೆದರೆ ಕೋರ್ಟಿನ ಲೆಕ್ಕ. ತಾರೀಖು, ಬಸ್ ಚಾರ್ಜು, ಜೆರಾಕ್ಸ್, ಮುಂದಿನ ಡೇಟು. ಕೊನೆಯ ಕಾಲಂಗೆ 'ಬಂದದ್ದು' ಅಂತ ಹೆಸರು ಕೊಟ್ಟಿದ್ದಾಳೆ. ಅಲ್ಲಿ ಪುಟಗಟ್ಟಲೆ ಬರೀ ಅಡ್ಡಗೆರೆ.

ಮಗುವಿಗೆ ತಿಂಗಳಿಗೆ 6,000 ರೂಪಾಯಿ ಜೀವನಾಂಶ ಕೊಡಬೇಕು ಅಂತ ಕೋರ್ಟ್ ಆದೇಶ ಮಾಡಿದ ದಿನ ನಾವು ದಾರಿಯಲ್ಲಿ ಮೈಸೂರುಪಾಕ್ ಕಟ್ಟಿಸಿಕೊಂಡು ಬಂದಿದ್ದೆವು. ಕೇಸ್ ಮುಗೀತು ಅಂದುಕೊಂಡಿದ್ದೆವು. ಆದೇಶ ಆಗೋದು ಬೇರೆ, ದುಡ್ಡು ಕೈಗೆ ಬರೋದು ಬೇರೆ ಅಂತ ನಮಗೆ ಯಾರೂ ಹೇಳಿರಲಿಲ್ಲ.

ಆದೇಶ ಸಿಆರ್‌ಪಿಸಿ, ಅಂದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ ಕೆಳಗೆ ಆದದ್ದು. 2024ರ ಜುಲೈ 1ರಿಂದ ಆ ಜಾಗಕ್ಕೆ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 144ನೇ ಕಲಂ ಬಂದಿದೆ, ಒಳಗಿನ ವಿಷಯ ಹೆಚ್ಚುಕಮ್ಮಿ ಅದೇ. ಅಪ್ಪ ದುಡ್ಡು ಕೊಡಲಿಲ್ಲ ಅಂದರೆ ಅಮ್ಮ ಮತ್ತೆ ವಕೀಲರ ಹತ್ತಿರ ಹೋಗಬೇಕು, ಬಾಕಿ ವಸೂಲಿಗೆ ಬೇರೆ ಅರ್ಜಿ ಹಾಕಬೇಕು, ನೋಟಿಸ್ ಕಳಿಸಲು ಕೋರ್ಟಿಗೆ ಪ್ರೊಸೆಸ್ ಫೀ ಕಟ್ಟಬೇಕು, ನೋಟಿಸ್ ಹೋಗಬೇಕು, ಅದು ಅವರಿಗೆ ಮುಟ್ಟಬೇಕು, ಆಮೇಲೆ ವಾರಂಟ್. ಇಷ್ಟೂ ಆಗುವಾಗ ಇನ್ನಷ್ಟು ತಿಂಗಳ ಬಾಕಿ ಸೇರಿರುತ್ತದೆ.

ನಮ್ಮ ವಾರಂಟ್ ಬೆಂಗಳೂರಿನ ಒಂದು ಠಾಣೆಗೆ ಹೋಯಿತು. ಮೂರು ಸಲ 'ಆಸಾಮಿ ಸಿಗಲಿಲ್ಲ' ಅಂತ ಷರಾ ಬರೆದು ವಾಪಸ್ ಬಂತು. ನಾಲ್ಕನೇ ಸಲ ನಾನೂ ಅಕ್ಕನೂ ರಾತ್ರಿ ಬಸ್ಸಿಗೆ ಹೋಗಿ ಬೆಳಿಗ್ಗೆ ಠಾಣೆಯ ಬೆಂಚಿನ ಮೇಲೆ ಕೂತೆವು. ಪೇದೆಯೊಬ್ಬರು ಕಾಗದ ನೋಡಿ, "ಮನೆ ಎಲ್ಲಿದೆ ಅಂತ ನೀವೇ ಬಂದು ತೋರಿಸಬೇಕಮ್ಮ, ನಮಗೆ ಹೇಗೆ ಗೊತ್ತಾಗಬೇಕು" ಅಂದರು. ಆಮೇಲೆ ಒಂದು ಆಟೋ ಮಾಡಿಸಿ, ಅಂದರೆ ಆಟೋ ದುಡ್ಡೂ ಅಕ್ಕನದೇ, ಆ ಬೀದಿಗೆ ಹೋದೆವು. ಬಿಟ್ಟು ಹೋದ ಗಂಡನ ಮನೆ ಬಾಗಿಲನ್ನು ಪೊಲೀಸರಿಗೆ ಬೆರಳು ಮಾಡಿ ತೋರಿಸುವಾಗ ಅಕ್ಕನ ಕೈ ನಡುಗುತ್ತಿತ್ತು. ಬಾಗಿಲಿಗೆ ಬೀಗ ಇತ್ತು.

ಆ ಪೇದೆಯ ಮೇಲೆ ನನಗೆ ಸಿಟ್ಟಿಲ್ಲ. ಬಂದೋಬಸ್ತ್, ಕಳ್ಳತನ, ಎಲೆಕ್ಷನ್ ಎಲ್ಲ ಮುಗಿದ ಮೇಲೆ ತಾನೇ ಜೀವನಾಂಶದ ವಾರಂಟ್. ನನ್ನ ಸಿಟ್ಟು ಈ ವ್ಯವಸ್ಥೆಯ ಮೇಲೆ. ಯಾರಿಗೆ ದುಡ್ಡು ಬರಬೇಕೋ ಅವರನ್ನೇ ವಸೂಲಿಗೆ ಅಲೆಸೋದು ಯಾವ ನ್ಯಾಯ?

ಕಾನೂನಿನಲ್ಲಿ ಇನ್ನೊಂದು ಗಡುವು ಇದೆ, ಇದು ಬಹಳ ಜನರಿಗೆ ಗೊತ್ತೇ ಇಲ್ಲ. ಬಾಕಿ ಬಿದ್ದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕದಿದ್ದರೆ ಆ ತಿಂಗಳ ದುಡ್ಡಿಗೆ ಈ ಕಲಂ ಕೆಳಗೆ ವಾರಂಟ್ ಸಿಗುವುದಿಲ್ಲ. ಇವತ್ತು ಕೊಡ್ತಾನೆ ನಾಳೆ ಕೊಡ್ತಾನೆ ಅಂತ ಕಾದವಳೇ ಕಳೆದುಕೊಳ್ಳುತ್ತಾಳೆ. ಅಕ್ಕನಿಗೂ ಹೀಗೆ ನಾಲ್ಕು ತಿಂಗಳದ್ದು ಕೈಬಿಟ್ಟು ಹೋಯಿತು.

ಜೈಲಿನ ವಿಷಯಕ್ಕೆ ಬಂದರೆ, ಬಾಕಿ ಉಳಿಸಿಕೊಂಡವರನ್ನು ಒಂದು ತಿಂಗಳವರೆಗೆ ಒಳಗೆ ಹಾಕಬಹುದು. "ಬೇಕಾದ್ರೆ ಜೈಲಿಗೆ ಹೋಗ್ತೀನಿ, ದುಡ್ಡು ಕೊಡಲ್ಲ" ಅಂತ ಕೋರ್ಟ್ ಹೊರಗೆ ನಿಂತು ಹೇಳುವ ಗಂಡಸರನ್ನು ನಾನೇ ನೋಡಿದ್ದೇನೆ. ಜೈಲಿಗೆ ಹೋಗಿಬಂದರೆ ಬಾಕಿ ತೀರಿತು ಅಂತ ಅವರ ಲೆಕ್ಕ. ಅದು ತಪ್ಪು. ಜೈಲು ವಸೂಲಿಗೆ ಒಂದು ದಾರಿ ಅಷ್ಟೇ, ಅದರಿಂದ ಸಾಲ ತೀರುವುದಿಲ್ಲ ಅಂತ 1989ರಲ್ಲೇ ಕುಲದೀಪ್ ಕೌರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2020ರ ನವೆಂಬರ್‌ನಲ್ಲಿ ರಜನೀಶ್ ಮತ್ತು ನೇಹಾ ಪ್ರಕರಣದಲ್ಲಿ ಇನ್ನೂ ಒಳ್ಳೆಯ ಮಾತು ಹೇಳಿತು. ಇಬ್ಬರೂ ಆಸ್ತಿ, ಆದಾಯ, ಸಾಲದ ವಿವರಕ್ಕೆ ಅಫಿಡವಿಟ್ ಹಾಕಬೇಕು, ಜೀವನಾಂಶದ ಲೆಕ್ಕ ಅರ್ಜಿ ಹಾಕಿದ ದಿನದಿಂದ ಶುರುವಾಗಬೇಕು ಅಂತ. ತೀರ್ಪು ಓದಿದಾಗ ಧೈರ್ಯ ಬರುತ್ತದೆ. ಆದರೆ ಆ ತೀರ್ಪನ್ನು ಹಿಡಿದುಕೊಂಡು ತಿಂಗಳಾ ತಿಂಗಳು ಅಪ್ಪನ ಹತ್ತಿರ ಹೋಗಿ ದುಡ್ಡು ತರುವ ಒಂದು ಇಲಾಖೆ ನಮ್ಮಲ್ಲಿ ಇಲ್ವಲ್ಲ.

ಬ್ರಿಟನ್ನಿನಲ್ಲಿ ಅದಕ್ಕಾಗಿಯೇ ಒಂದು ಸರ್ಕಾರಿ ಸಂಸ್ಥೆ ಇದೆ. 1993ರಲ್ಲಿ ಶುರು ಮಾಡಿದ ಮೊದಲನೆಯದು ಬಾಕಿ ಗುಡ್ಡೆ ಹಾಕಿಕೊಂಡು ಕೆಟ್ಟ ಹೆಸರು ತಗೊಂಡಿತು, 2012ರಲ್ಲಿ ಹೊಸ ವ್ಯವಸ್ಥೆ ತಂದರು. ತಪ್ಪಿಸಿಕೊಳ್ಳುವ ಅಪ್ಪನ ಸಂಬಳದಿಂದ, ಬೇಕಾದರೆ ಬ್ಯಾಂಕ್ ಖಾತೆಯಿಂದ ನೇರವಾಗಿ ಮುರಿದುಕೊಳ್ಳುತ್ತಾರೆ. ಹಾಗೆ ವಸೂಲಿ ಮಾಡಿದಾಗ ಕೊಡುವವರಿಂದ ಶೇ. 20 ಜಾಸ್ತಿ ಶುಲ್ಕ. ಪಡೆಯುವವರಿಗೂ ಶೇ. 4 ಕಡಿತ ಇದೆ, ಅದು ನನಗೆ ಸರಿ ಕಾಣುವುದಿಲ್ಲ, ಮಗುವಿನ ದುಡ್ಡಿನಲ್ಲಿ ಯಾಕೆ ಮುರಿಯಬೇಕು? ಅಮೆರಿಕದಲ್ಲಿ ಬಾಕಿ 2,500 ಡಾಲರ್ ದಾಟಿದರೆ ಪಾಸ್‌ಪೋರ್ಟೇ ಕೊಡುವುದಿಲ್ಲ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಜರ್ಮನಿಯ ಪದ್ಧತಿ. ಅಲ್ಲಿ ಅಪ್ಪ ಕೊಡದಿದ್ದರೆ ಸರ್ಕಾರವೇ ಮುಂಗಡವಾಗಿ ಮಗುವಿಗೆ ಒಂದಿಷ್ಟು ಕೊಡುತ್ತದೆ, ಆಮೇಲೆ ಅಪ್ಪನ ಹಿಂದೆ ಬೀಳುವುದು ಸರ್ಕಾರದ ಕೆಲಸ. 2017ರಿಂದ ಮಗುವಿಗೆ 18 ತುಂಬುವವರೆಗೂ ಇದು ಸಿಗಬಹುದು.

ಅದೆಲ್ಲ ಶ್ರೀಮಂತ ದೇಶದ ಮಾತು ಅಂತ ಕೆಲವರು ನನಗೆ ಹೇಳಿದರು. ನಾನು ಒಪ್ಪುವುದಿಲ್ಲ. ಕರ್ನಾಟಕ ಸರ್ಕಾರ ಸಂಬಳದಾರರ ಹತ್ತಿರ ವೃತ್ತಿ ತೆರಿಗೆ ಅಂತ ತಿಂಗಳಿಗೆ 200 ರೂಪಾಯಿ (ಫೆಬ್ರವರಿಯಲ್ಲಿ 300) ತಗೊಳ್ಳುತ್ತದೆ. ಅದಕ್ಕೆ ಯಾರ ಮನೆಗೂ ಪೇದೆ ಹೋಗುವುದಿಲ್ಲ, ಕಂಪನಿಯವರೇ ಮುರಿದು ಕಟ್ಟುತ್ತಾರೆ. ಗೃಹಲಕ್ಷ್ಮಿಯ 2,000 ರೂಪಾಯಿ ಇಷ್ಟೊಂದು ಹೆಂಗಸರ ಖಾತೆಗೆ ನೇರವಾಗಿ ಬೀಳುತ್ತದೆ. ಅಂದರೆ ಸಂಬಳದಿಂದ ತೆಗೆಯಲೂ ಬರುತ್ತದೆ, ಅಮ್ಮನ ಖಾತೆಗೆ ಹಾಕಲೂ ಬರುತ್ತದೆ. ಮಧ್ಯದಲ್ಲಿ ಒಂದು ಕಚೇರಿ ಬೇಕು, ಅಷ್ಟೇ. ಕೂಲಿ ಮಾಡುವವರು, ಸ್ವಂತ ವ್ಯಾಪಾರದವರ ಹತ್ತಿರ ಇದು ಸುಲಭವಲ್ಲ, ಗೊತ್ತು. ಹಾಗಂತ ಸಂಬಳ ಬರುವವರನ್ನೂ ಸುಮ್ನೆ ಬಿಡಬೇಕಾ?

ಈಗಲೂ ಒಂದು ದಾರಿ ಇದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ 20ನೇ ಕಲಂನ 6ನೇ ಉಪಕಲಂ ಪ್ರಕಾರ, ಗಂಡ ಕೆಲಸ ಮಾಡುವ ಕಡೆಯವರಿಗೇ ಸಂಬಳದಲ್ಲಿ ಒಂದು ಭಾಗವನ್ನು ನೇರವಾಗಿ ಹೆಂಡತಿಗೆ ಕೊಡಿ ಇಲ್ಲವೇ ಕೋರ್ಟಿಗೆ ಕಟ್ಟಿ ಅಂತ ಮ್ಯಾಜಿಸ್ಟ್ರೇಟ್ ಹೇಳಬಹುದು. ಇದು ಆ ಕಾಯ್ದೆಯಲ್ಲಿ ಆದ ಆದೇಶಕ್ಕೆ ಮಾತ್ರ. ನಿಮ್ಮದು ಆ ಕಾಯ್ದೆಯ ಕೇಸಾಗಿದ್ದರೆ ವಕೀಲರನ್ನು ಇದೊಂದು ಕೇಳಿ. ವಕೀಲರ ಫೀಸ್ ಕಷ್ಟವಾದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಹೆಂಗಸರಿಗೂ ಮಕ್ಕಳಿಗೂ ಆದಾಯ ನೋಡದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಸಹಾಯವಾಣಿ 15100. ಇದು ಅಕ್ಕನಿಗೆ ಗೊತ್ತಾಗಿದ್ದು ಎರಡು ವರ್ಷ ಫೀಸ್ ಕಟ್ಟಿದ ಮೇಲೆ.

ಹೋದ ವಾರ ಹೊಸ ಅರ್ಜಿಗೆ ಲೆಕ್ಕ ತೆಗೆಯುತ್ತಿದ್ದೆವು. 11 ತಿಂಗಳ ಬಾಕಿ, ನಡುವೆ ಒಂದು ಸಲ ಕೋರ್ಟಿನಲ್ಲಿ ಕೊಟ್ಟ 10,000 ಕಳೆದು 54,000 ಅಂತ ಅಕ್ಕ ಬರೆದು ಅಡುಗೆಮನೆಗೆ ಹೋಗಿದ್ದಳು. ವಾಪಸ್ ಬಂದು ನೋಡಿದರೆ ಅದರ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದು ಪಕ್ಕದಲ್ಲಿ 56,000 ಅಂತ ತಿದ್ದಿತ್ತು. ಎಂಟನೇ ಕ್ಲಾಸಿನ ದುಂಡು ಅಕ್ಷರ. ಮಗಳು ಆಗಲೇ ಬ್ಯಾಗ್ ಹಾಕಿಕೊಂಡು ಟ್ಯೂಷನ್‌ಗೆ ಹೋಗಿಯಾಗಿತ್ತು.