ಗೋಡೆ ಹತ್ತುವ ಬೆರಳುಗಳು

ಅಡಿಕೆ ಕೊಯ್ಯಲು ದೋಟಿ ಎತ್ತಿ ಎತ್ತಿ ಬಲಭುಜ ಕೆಡಿಸಿಕೊಂಡ ಮೇಲೆ ಕಾಸರಗೋಡು ಜಿಲ್ಲೆಯ ಪೆರ್ಲದ ನಮ್ಮ ಮನೆಯ ಚಾವಡಿಯೇ ವ್ಯಾಯಾಮಶಾಲೆ. ಇಂದಿಗೆ ಆರನೆಯ ವಾರ.

ಮೊದಲು ಮೇಜಿಗೆ ಎಡಗೈ ಊರಿ ಬಾಗಿ, ಬಲಗೈಯನ್ನು ಗಡಿಯಾರದ ಲೋಲಕದಂತೆ ಇಳಿಬಿಡುವುದು. ಅಲುಗಬೇಕಾದದ್ದು ಮೈ, ಕೈ ಸುಮ್ಮನೆ ಹಿಂಬಾಲಿಸಬೇಕು. ಆಮೇಲೆ ಗೋಡೆಯ ಮೇಲೆ ಬೆರಳುಗಳನ್ನು ಜೇಡನಂತೆ ಹತ್ತಿಸುವುದು. ಮುಟ್ಟಿದಲ್ಲಿ ಒಂದು ಪೆನ್ಸಿಲ್ ಗೆರೆ. ಪಕ್ಕದಲ್ಲೇ ಮಗಳ ಎತ್ತರದ ಹಳೆಯ ಗೆರೆಗಳಿವೆ. ಅವಳ ಆರನೆಯ ತರಗತಿಯನ್ನು ನಾನು ನಿನ್ನೆ ದಾಟಿದೆ!

ಬೆವರಿಳಿಸುವುದು ರಬ್ಬರ್ ಪಟ್ಟಿ. ಅದನ್ನು ಕಿಟಕಿಯ ಸರಳಿಗೆ ಕಟ್ಟಿ, ಮೊಣಕೈಯನ್ನು 90 ಡಿಗ್ರಿ ಮಡಚಿ, ಪಕ್ಕೆಗೂ ತೋಳಿಗೂ ನಡುವೆ ಸುತ್ತಿದ ಬೈರಾಸು (ಟವೆಲು) ಸಿಕ್ಕಿಸಿ, ಮುಂಗೈಯನ್ನು ಹೊರಕ್ಕೆ ಎಳೆಯಬೇಕು. ಬೈರಾಸು ಬಿದ್ದರೆ ಮೋಸ ಮಾಡಿದೆ ಎಂದೇ ಲೆಕ್ಕ. ಮರಳುವಾಗ ಇನ್ನೂ ನಿಧಾನ. ಭುಜದ ಗುಳಿ ಆಳವಿಲ್ಲದ್ದು, ಪುಟ್ಟ ತಟ್ಟೆಯ ಮೇಲೆ ದೊಡ್ಡ ಚೆಂಡು ಕುಳಿತ ಹಾಗೆ. ಚೆಂಡನ್ನು ನಡುವಿನಲ್ಲಿ ಹಿಡಿದಿಡುವವು ನಾಲ್ಕು ಸ್ನಾಯುಗಳು. ಈ 48 ವರ್ಷ ಅವುಗಳ ಹೆಸರು ಹಾಗಿರಲಿ, ಅವು ಇವೆ ಎಂಬುದೇ ನನಗೆ ಗೊತ್ತಿರಲಿಲ್ಲ. ದುಡಿಯುವವರ ಹೆಸರು ಕೇಳುವುದು ಅವರು ಮುಷ್ಕರ ಹೂಡಿದಾಗ ಮಾತ್ರ.

ಈ ವ್ಯಾಯಾಮಗಳನ್ನು ಕಲಿಸಿದಾಕೆ ಮಲಯಾಳದಲ್ಲಿ ‘ಒನ್ನು, ರಂಡು’ ಎಂದು ಎಣಿಸಿದ್ದರು. ಜಗಲಿಯಲ್ಲಿ ಕುಳಿತ ಅಮ್ಮ ತುಳುವಿನಲ್ಲಿ ‘ಒಂಜಿ, ರಡ್ಡ್’ ಎನ್ನುತ್ತಾರೆ. ನನ್ನದು ಕನ್ನಡ. ನನ್ನ ಎಣಿಕೆ ಹತ್ತಕ್ಕೆ ನಿಲ್ಲುತ್ತದೆ. ಅಮ್ಮ ಮಾತ್ರ ಏಳಕ್ಕೇ ಸಾಕೆಂದು ಕಾಫಿಗೆ ಕರೆಯುತ್ತಾರೆ.