ಅಮ್ಮನ ಧರಣಿ, ಅತ್ತೆಯ ಗದ್ದೆ

ಪ್ರತಿ ಬೇಸಿಗೆಯಲ್ಲಿ ಅಮ್ಮ ಬಂಟ್ವಾಳದಿಂದ ಉಡುಪಿಗೆ, ನಮ್ಮ ಮನೆಗೆ ಬರುವುದು ಹಲಸಿನ ಹಪ್ಪಳ ಮಾಡಲಿಕ್ಕೆ. ನಮ್ಮ ಹಿತ್ತಲಲ್ಲಿ ಎರಡು ಮರ ಉಂಟು. ಅಮ್ಮ, ಅತ್ತೆ ಇಬ್ಬರೂ ಕೂತರೆ ನಾಲ್ಕೈದು ದಿನದಲ್ಲಿ ಸಾವಿರ ಹಪ್ಪಳ ಆಗುತ್ತದೆ. ಈ ಸಲ ಅಮ್ಮ ಎರಡು ದಿನ ತಡವಾಗಿ ಬಂದಳು. ಮುಖ ಬಿಸಿಲಿಗೆ ಕಪ್ಪಾಗಿತ್ತು. ಮಂಗಳೂರಿನ ಕ್ಲಾಕ್ ಟವರ್ ಹತ್ತಿರ ಪಿಂಚಣಿಯ ಬಗ್ಗೆ ಬೀಡಿ ಕಾರ್ಮಿಕರ ಧರಣಿ ಇತ್ತಂತೆ. ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ ಕೂತು ಬಂದಿದ್ದಳು.

ಅತ್ತೆ ಕೈಗೆ ತೆಂಗಿನೆಣ್ಣೆ ಹಚ್ಚಿಕೊಂಡು ಸೊಳೆ ಬಿಡಿಸುತ್ತಿದ್ದರು. ತಲೆ ಎತ್ತದೆ ಕೇಳಿದರು: "ಈ ಪ್ರಾಯದಲ್ಲಿ ನೀವು ಮಾರ್ಗದಲ್ಲಿ ಹೋಗಿ ಕೂರುದು ಯಾಕೆ? ಮಗಳು ಅಳಿಯ ಇಲ್ವಾ ನೋಡಿಕೊಳ್ಳಲಿಕ್ಕೆ?"

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ನನ್ನ ದುಡ್ಡು ಅಕ್ಕ, ಮಗಳ ದುಡ್ಡು ಬೇರೆ" ಎಂದಳು.

ನಮ್ಮ ಮನೆಮಾತು ತುಳು, ಮಾತುಗಳನ್ನು ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ. ಆದರೆ "ನನ್ನ ದುಡ್ಡು" ಎನ್ನುವಾಗ ಅಮ್ಮನ ಧ್ವನಿಯಲ್ಲಿ ಇದ್ದದ್ದನ್ನು ಯಾವ ಭಾಷೆಗೂ ತರಲಿಕ್ಕೆ ನನ್ನಿಂದ ಆಗುವುದಿಲ್ಲ.

ಅಮ್ಮ ಹದಿನೈದನೇ ವಯಸ್ಸಿಗೆ ಬೀಡಿ ಕಟ್ಟಲಿಕ್ಕೆ ತಡ್ಪೆ (ಮೊರ) ಮಡಿಲಲ್ಲಿಟ್ಟುಕೊಂಡವಳು. ಎಲೆ ನೆನೆಸಿ, ಕತ್ತರಿಸಿ, ಹೊಗೆಸೊಪ್ಪು ತುಂಬಿ, ನೂಲು ಸುತ್ತಿ, ಇಪ್ಪತ್ತೈದರ ಕಟ್ಟು ಕಟ್ಟಿ ಸಂಜೆ ಬೀಡಿ ಕಂಪನಿಯ ಬ್ರಾಂಚಿಗೆ ಕೊಂಡುಹೋಗುವುದು. ದಿನಕ್ಕೆ ಎಂಟುನೂರು, ಮದುವೆ ಜಂಬರ ಇಲ್ಲದ ದಿನ ಸಾವಿರ. ನನ್ನ ಬಿ.ಕಾಂ. ಫೀಸು ಆ ಕಟ್ಟುಗಳಿಂದಲೇ ಬಂದದ್ದು. ಐವತ್ತೆಂಟು ತುಂಬಿದ ಮೇಲೆ ನಿಗದಿಯಾದ ಪಿಂಚಣಿ ತಿಂಗಳಿಗೆ 1,186 ರೂಪಾಯಿ. ಇವತ್ತೂ ಅಷ್ಟೇ. ಪಿ.ಎಫ್. ಜೊತೆ ಬರುವ ಈ 1995ರ ಪಿಂಚಣಿ ಯೋಜನೆಯಲ್ಲಿ ತುಟ್ಟಿಭತ್ಯೆ ಎಂಬುದು ಇಲ್ಲ. ಕನಿಷ್ಠ ಪಿಂಚಣಿ 1,000 ರೂಪಾಯಿ ಎಂದು ಮಾಡಿದ್ದು 2014ರ ಸೆಪ್ಟೆಂಬರಿನಲ್ಲಿ. ಅದನ್ನು 7,500 ಮಾಡಿ, ತುಟ್ಟಿಭತ್ಯೆ ಸೇರಿಸಿ ಎಂದು ದೇಶದಾದ್ಯಂತ ಪಿಂಚಣಿದಾರರು ವರ್ಷಗಳಿಂದ ಕೇಳುತ್ತಿದ್ದಾರೆ. ಅಮ್ಮ ಕ್ಲಾಕ್ ಟವರ್ ಹತ್ತಿರ ಕೂತದ್ದೂ ಅದಕ್ಕೇ. "ಆರ್ಥಿಕ ಅಸಮಾನತೆ" ಎಂಬ ಶಬ್ದ ಅವಳ ಬಾಯಲ್ಲಿ ಬಂದದ್ದನ್ನು ನಾನು ಕೇಳಿಲ್ಲ. ಸಕ್ಕರೆ ಕಾಯಿಲೆಯ ಮಾತ್ರೆಗೇ ತಿಂಗಳಿಗೆ ಒಂಬೈನೂರು ಹೋಗುತ್ತದೆ, ಅದು ಅವಳಿಗೆ ಬಾಯಿಪಾಠ.

ಒಂದು ವಿಷಯ ಇಲ್ಲಿ ಬರೆಯಲೇಬೇಕು. ಆರು ವರ್ಷದ ಹಿಂದೆ ಇಂಥದೇ ಒಂದು ಪ್ರತಿಭಟನೆಯ ಫೋಟೋ ಪತ್ರಿಕೆಯಲ್ಲಿ ಬಂದಿತ್ತು. ಎರಡನೇ ಸಾಲಿನಲ್ಲಿ ಅಮ್ಮ ಮುಷ್ಟಿ ಎತ್ತಿದ್ದಳು. ನಾನು ಕೆಲಸ ಮಾಡುವ ಸಹಕಾರಿ ಸಂಘದಲ್ಲಿ ಹಿರಿಯರೊಬ್ಬರು ಅದನ್ನು ತೋರಿಸಿ, "ಇದು ನಿಮ್ಮ ಅಮ್ಮ ಅಲ್ವಾ?" ಎಂದು ಕೇಳಿದರು. ನಾನು ಅಲ್ಲ ಎಂದೆ. ಆ ದಿನ ಮನೆಗೆ ಬಂದು ಊಟ ಸೇರಲಿಲ್ಲ. ಅಮ್ಮನಿಗೆ ಈ ವಿಷಯ ಇನ್ನೂ ಹೇಳಿಲ್ಲ.

ಅತ್ತೆಯ ಸಿಟ್ಟು ಮಾತ್ರ ಮರ್ಯಾದೆಯ ಪ್ರಶ್ನೆಯಿಂದ ಬಂದದ್ದಲ್ಲ. ಅವರ ಊರು ಬ್ರಹ್ಮಾವರದ ಹತ್ತಿರ. ತಂದೆ ಬೇಗ ತೀರಿಹೋದರು. ಗಂಡು ದಿಕ್ಕಿಲ್ಲದ ಮನೆ, ಮೂರು ಎಕ್ರೆ ಗದ್ದೆ. ಅವರ ಅಮ್ಮ ಅದನ್ನು ನೆರೆಯವರಿಗೆ ಚಾಲಗೇಣಿಗೆ, ಅಂದರೆ ವರ್ಷ ವರ್ಷದ ಗೇಣಿಗೆ ಕೊಟ್ಟು, ಬರುವ ಗೇಣಿಯ ಅಕ್ಕಿಯಲ್ಲಿ ನಾಲ್ಕು ಮಕ್ಕಳನ್ನು ಸಾಕುತ್ತಿದ್ದರು. 1974ರ ಮಾರ್ಚ್ 1ಕ್ಕೆ ದೇವರಾಜ ಅರಸರ ಸರ್ಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂತು. ಗೇಣಿಯಲ್ಲಿದ್ದ ಭೂಮಿಯೆಲ್ಲ ಸರ್ಕಾರಕ್ಕೆ ಸೇರಿತು, ಈ ಗದ್ದೆ ಮಾಡುವುದು ನಾನು ಎಂದು ಗೇಣಿದಾರ ಅರ್ಜಿ (ಡಿಕ್ಲರೇಷನ್) ಕೊಟ್ಟರೆ ಅವನ ಹೆಸರಿಗೆ. ಮನೆಯ ಮುಂದಿನ ಮಾರ್ಗದಲ್ಲಿ "ಉಳುವವನೇ ಹೊಲದೊಡೆಯ" ಎಂದು ಕೂಗುತ್ತಾ ಮೆರವಣಿಗೆ ಹೋಗುವಾಗ ಅವರ ಅಮ್ಮ ಬಾಗಿಲು ಹಾಕಿ ಮಕ್ಕಳನ್ನು ಒಳಗೆ ಕೂರಿಸುತ್ತಿದ್ದರಂತೆ. ಗದ್ದೆ ಹೋಯಿತು. ಪರಿಹಾರ ಎಂದು ಬಂದ ಹಣ ಒಂದು ವರ್ಷದ ಅಕ್ಕಿಗೂ ಸಾಲಲಿಲ್ಲ. ಅತ್ತೆಯ ಶಾಲೆ ನಿಂತಿತು.

"ನೂರು ಎಕ್ರೆಯ ಧಣಿಗಳಿಗೆ ವಕೀಲರಿದ್ದರು, ಮಕ್ಕಳು ಮೊಮ್ಮಕ್ಕಳ ಹೆಸರಿತ್ತು" ಎಂದರು ಅತ್ತೆ. "ನನ್ನ ಅಮ್ಮನಿಗೆ ಯಾರಿದ್ದರು? ಅವಳಿಗಾಗಿ ಯಾವ ಮೆರವಣಿಗೆ ಹೋಯಿತು?"

ಜಗಲಿಯಲ್ಲಿ ಯಾರೂ ಮಾತಾಡಲಿಲ್ಲ. ಅಮ್ಮ ಸೊಳೆಯಿಂದ ಬೀಜ ತೆಗೆಯುತ್ತಲೇ ಇದ್ದಳು.

ಅದೇ ವರ್ಷ, ಅದೇ ಕಾನೂನಿನಲ್ಲಿ, ನನ್ನ ಅಜ್ಜ ಡಿಕ್ಲರೇಷನ್ ಕೊಟ್ಟು ಎರಡು ಎಕ್ರೆ ಗದ್ದೆಯ ಒಡೆಯನಾದ. ಅದಕ್ಕಿಂತ ಮೊದಲು ವರ್ಷಕ್ಕೆ ಹದಿನಾರು ಮುಡಿ ಅಕ್ಕಿ ಧಣಿಯ ಮನೆಗೆ ಹೊರಬೇಕಿತ್ತು. ಬೈಹುಲ್ಲಿನಲ್ಲಿ ಉರುಟಾಗಿ ಬಿಗಿದ ಮುಡಿ ಈಗಿನ ಮಕ್ಕಳಿಗೆ ಪ್ರದರ್ಶನದ ವಸ್ತು. ಅಮ್ಮನಿಗೆ ಅದು ಅಂಗಳದಿಂದ ಹೊರಗೆ ಹೋಗುತ್ತಿದ್ದ ಅನ್ನ. ಆಟಿ ತಿಂಗಳ ಮಳೆಗೆ ಮನೆಯಲ್ಲಿ ಅಕ್ಕಿ ಮುಗಿದು, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆಯಲ್ಲಿ, ಬೀಜದಲ್ಲಿ ದಿನ ದೂಡುತ್ತಿದ್ದರು. ಅತ್ತೆಯ ಅಮ್ಮ ಬಾಗಿಲು ಹಾಕಿಕೊಂಡ ಅಂಥದೇ ಒಂದು ಮೆರವಣಿಗೆಯಲ್ಲಿ ನನ್ನ ಅಜ್ಜ ಬಂಟ್ವಾಳದಲ್ಲಿ ನಡೆದಿದ್ದ.

ನಾನು ಅಜ್ಜನ ಪಕ್ಷ, ಅದರಲ್ಲಿ ಸಂಶಯ ಇಲ್ಲ. ಆದರೆ ಅತ್ತೆಯ ಪ್ರಶ್ನೆ ಕೇಳಿದ ಮೇಲೆ ಒಂದು ಮಾತು ಒಪ್ಪಬೇಕಾಯಿತು. ಮೂರು ಎಕ್ರೆಯ ವಿಧವೆಗೂ ನೂರು ಎಕ್ರೆಯ ಧಣಿಗೂ ಒಂದೇ ಅಳತೆ ಹಿಡಿದದ್ದು ಅನ್ಯಾಯ. ಮೆರವಣಿಗೆಯಲ್ಲಿದ್ದವರೂ ಅಂಥ ಮನೆಗಳ ಪರವಾಗಿ ಅಂದು ಒಂದು ಮಾತು ಆಡಬೇಕಿತ್ತು.

ಬೀಡಿಯ ಕಾನೂನಿನ ಕಥೆಯೂ ಅದೇ ವರ್ಷದ್ದು. ಬೀಡಿ ಕಾರ್ಮಿಕರ ಕಾಯಿದೆ ಬಂದದ್ದು 1966ರಲ್ಲಿ, ಅದರ ವಿರುದ್ಧ ಮಂಗಳೂರಿನ ಒಂದು ಕಂಪನಿಯೂ ಸೇರಿ ಬೀಡಿ ತಯಾರಕರು ಸುಪ್ರೀಂ ಕೋರ್ಟಿಗೆ ಹೋದರು. 1974ರ ಜನವರಿಯಲ್ಲಿ ಕೋರ್ಟು ಕಾಯಿದೆಯನ್ನು ಎತ್ತಿಹಿಡಿಯಿತು. ಮನೆಯಲ್ಲಿ ಕೂತು ಕಟ್ಟುವವಳೂ ಕಾರ್ಮಿಕಳೇ ಎಂಬುದು ಗಟ್ಟಿಯಾಯಿತು. ಅದಿಲ್ಲದಿದ್ದರೆ ಅಮ್ಮನಿಗೆ ಆ 1,186 ರೂಪಾಯಿಯೂ ಇಲ್ಲ. ಎಂಟು ವರ್ಷ ಕಾಗದದಲ್ಲಿದ್ದ ಕಾಯಿದೆ ನಮ್ಮ ಜಗಲಿಯವರೆಗೆ ನಡೆದು ಬರಲಿಕ್ಕೆ ಯೂನಿಯನ್ನಿನ ಹೆಂಗಸರು ಬ್ರಾಂಚಿನ ಮುಂದೆ ಎಷ್ಟು ಸಲ ನಿಂತಿದ್ದಾರೆ ಎಂಬುದನ್ನು ನಾನು ಚಿಕ್ಕವಳಿರುವಾಗ ಕಣ್ಣಾರೆ ನೋಡಿದ್ದೇನೆ.

ಮರುದಿನ ಭಾವನ ಮಗ ಬೆಂಗಳೂರಿನಿಂದ ಬಂದ. ಸಾಫ್ಟ್‌ವೇರ್ ಕೆಲಸ, ತುಂಬಾ ಓದುವ ಹುಡುಗ. ಅಸಮಾನತೆ ಇಲ್ಲ ಎಂದು ಅವನು ಹೇಳುವುದಿಲ್ಲ. ಅರ್ಥಶಾಸ್ತ್ರಜ್ಞ ಥಾಮಸ್ ಪಿಕೆಟಿ ಮತ್ತು ಸಂಗಡಿಗರು 2024ರಲ್ಲಿ ಪ್ರಕಟಿಸಿದ ಲೆಕ್ಕವನ್ನು ಅವನೇ ನನಗೆ ತೋರಿಸಿದ್ದು: 2022-23ರಲ್ಲಿ ದೇಶದ ಸಂಪತ್ತಿನ ಶೇ. 40.1 ಭಾಗ ಮೇಲಿನ ಶೇ. 1 ಜನರ ಕೈಯಲ್ಲಿ. ಸಂಪತ್ತು ತೆರಿಗೆಯನ್ನು 2015ರ ಬಜೆಟ್ಟಿನಲ್ಲಿ ರದ್ದು ಮಾಡಿದ್ದು ತಪ್ಪು ಎಂಬುದೂ ಅವನ ಅಭಿಪ್ರಾಯವೇ. ಆದರೆ ರಸ್ತೆಯಲ್ಲಿ ಕೂರುವುದರಿಂದ ಏನೂ ಆಗದು ಎನ್ನುತ್ತಾನೆ.

"ಚಿಕ್ಕಮ್ಮ, 2011ರಲ್ಲಿ ನ್ಯೂಯಾರ್ಕಿನ ಝುಕಾಟಿ ಪಾರ್ಕಿನಲ್ಲಿ ಅಸಮಾನತೆಯ ವಿರುದ್ಧ ಜನ ಎರಡು ತಿಂಗಳು ಕೂತ್ರು. ನಾವು ಶೇ. 99 ಅಂತ ಕೂಗಿದ್ರು. ನವೆಂಬರಿನಲ್ಲಿ ಪೊಲೀಸರು ಎಬ್ಬಿಸಿದ್ರು. ಮತ್ತೆ ಎಂತ ಆಯ್ತು?"

ಅವನ ಅಸಮಾಧಾನಕ್ಕೆ ಹತ್ತಿರದ ಕಾರಣವೂ ಉಂಟು. 2016ರ ಏಪ್ರಿಲಿನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಪಿ.ಎಫ್. ಹಣ ತೆಗೆಯಲಿಕ್ಕೆ ನಿರ್ಬಂಧ ಹಾಕಿದ ನಿಯಮದ ವಿರುದ್ಧ ಬೀದಿಗಿಳಿದಾಗ ಅವನು ಹೊಸೂರು ರಸ್ತೆಯಲ್ಲಿ ನಾಲ್ಕು ಗಂಟೆ ಬಸ್ಸಿನೊಳಗೆ ಸಿಕ್ಕಿಬಿದ್ದಿದ್ದ. ಕಲ್ಲು ಬಿತ್ತು, ಬಸ್ಸುಗಳು ಸುಟ್ಟುಹೋದವು. ಅವನ ಪಕ್ಕದ ಸೀಟಿನಲ್ಲಿ ಆಸ್ಪತ್ರೆಗೆ ಹೊರಟ ಗರ್ಭಿಣಿ ಇದ್ದಳು. ಆ ಹೆಂಗಸಿನ ಮುಖ ಮರೆಯಲಿಕ್ಕೆ ಆಗುವುದಿಲ್ಲ ಎಂದ.

ಬಸ್ಸು ಸುಟ್ಟದ್ದನ್ನು ನಾನು ಸಮರ್ಥಿಸುವುದಿಲ್ಲ. ಆ ಬಸ್ಸಿನಲ್ಲಿ ಹೋಗುವವರೂ ದಿನಗೂಲಿಯವರೇ. ಇಲ್ಲಿ ಮಂಗಳೂರಿನ ಹಂಪನಕಟ್ಟೆಯಲ್ಲಿ ಅರ್ಧ ಗಂಟೆ ದಾರಿ ನಿಂತರೆ ಸಿಟಿ ಬಸ್ಸಿನ ಕಂಡಕ್ಟರನ ಒಂದು ಟ್ರಿಪ್ ಹೋಗುತ್ತದೆ. ಅವನ ಬೈಗುಳವನ್ನೂ ನಾನು ಕಿವಿಯಾರೆ ಕೇಳಿದ್ದೇನೆ, ಅದು ನ್ಯಾಯದ ಬೈಗುಳ. ಆದರೆ ಭಾವನ ಮಗನಿಗೆ ನಾನು ಹೇಳಿದ್ದು ಇಷ್ಟು: ಫೆಬ್ರವರಿಯಲ್ಲಿ ಬಂದ ಆ ನಿಯಮವನ್ನು ಕೇಂದ್ರ ಸರ್ಕಾರ ಹಿಂದೆ ತೆಗೆದುಕೊಂಡದ್ದು ಏಪ್ರಿಲ್ 19ಕ್ಕೆ, ಹೆಂಗಸರು ಬೀದಿಗಿಳಿದ ಎರಡನೇ ದಿನ. ಹೊಲಿಗೆ ಮಿಷನ್ನಿನ ಮುಂದೆ ಕೂತೇ ಅರ್ಜಿ ಬರೆದಿದ್ದರೆ ಅದು ಆಗುತ್ತಿತ್ತು ಎಂದು ನನಗೆ ನಂಬಿಕೆ ಇಲ್ಲ. ನ್ಯೂಯಾರ್ಕಿನವರ ಬೇಡಿಕೆ ಆಕಾಶದಷ್ಟು ದೊಡ್ಡದಾಗಿತ್ತು, ಯಾರು ಕೊಡಬೇಕು ಎಂಬುದೇ ಸ್ಪಷ್ಟ ಇರಲಿಲ್ಲ. ಆದರೂ ಶೇ. 1, ಶೇ. 99 ಎಂಬ ಮಾತು ಇವತ್ತು ನಿನ್ನ ನಾಲಿಗೆಯ ಮೇಲೆ ಇದೆಯಲ್ಲ ಮಗ, ಅದನ್ನು ಅಲ್ಲಿಗೆ ತಂದಿಟ್ಟವರಲ್ಲಿ ಅವರೂ ಇದ್ದಾರೆ.

ಅವನು ಒಪ್ಪಲಿಲ್ಲ. "ಕೋರ್ಟಿದೆ, ಓಟಿದೆ ಚಿಕ್ಕಮ್ಮ" ಎಂದ. ಅಲ್ಲಿಯವರೆಗೆ ಸುಮ್ಮನಿದ್ದ ಅಮ್ಮ, "ಓಟು ನಾನು ಒಂದೂ ತಪ್ಪಿಸ್ಲಿಲ್ಲ ಮಗ" ಎಂದು ಮಣೆಯ ಮೇಲೆ ಇನ್ನೊಂದು ಉಂಡೆ ಇಟ್ಟು ಒತ್ತಿದಳು.

ಕೊನೆಯ ದಿನ ಒಣಗಿದ ಹಪ್ಪಳವನ್ನು ಚಾಪೆಯಿಂದ ಎಬ್ಬಿಸಿ ಕಟ್ಟು ಮಾಡುವಾಗ ಅಮ್ಮ ಅಭ್ಯಾಸಬಲದಿಂದ ಇಪ್ಪತ್ತೈದಕ್ಕೇ ನೂಲು ಸುತ್ತುತ್ತಿದ್ದಳು. ಅತ್ತೆ ಕಟ್ಟುಗಳನ್ನು ಡಬ್ಬಕ್ಕೆ ತುಂಬುತ್ತಿದ್ದರು. ಮುಂದಿನ ಧರಣಿ ಜೂನ್ ಮೊದಲ ವಾರ ಎಂದು ಅಮ್ಮ ನನಗೆ ಹೇಳಿದ್ದು ಅವರ ಕಿವಿಗೂ ಬಿತ್ತು. ನಾನು ಆ ದಿನಕ್ಕೆ ರಜೆ ಹಾಕುತ್ತೇನೆ, ಅಮ್ಮನ ಜೊತೆ ಹೋಗಿ ಕೂರುತ್ತೇನೆ ಎಂದೆ. ಅತ್ತೆ ಡಬ್ಬದ ಮುಚ್ಚಳ ಹಾಕಿ, ಸ್ವಲ್ಪ ತಡೆದು ಹೇಳಿದರು: "ಹೋಗು. ಮಧ್ಯಾಹ್ನದ ಅಡುಗೆ ನಾನು ನೋಡಿಕೊಳ್ತೇನೆ. ಆದ್ರೆ ನನಗೆ ಅದು ಸರಿ ಕಾಣುದಿಲ್ಲ, ಅದನ್ನೂ ಹೇಳಿ ಬಿಡ್ತೇನೆ."