ಮುತ್ಯಾನ ಕೋಣೆಯ ಬಿಸಿ ಅಳೆಯಲು ನನ್ನ ಮೊದಲ ರಾಸ್ಪ್‌ಬೆರಿ ಪೈ

ಬೇಸಿಗೆ ಬಂತೆಂದರೆ ಮುತ್ಯಾಗೆ (ನನ್ನ ಅಜ್ಜನಿಗೆ) ಕೆಳಗಿನ ನಡುಮನೆಯಲ್ಲಿ ನಿದ್ದೆ ಹತ್ತುವುದಿಲ್ಲ. ಕಲಬುರಗಿಯ ಬ್ರಹ್ಮಪುರದ ಈ ಹಳೆ ಮನೆಯ ಕಲ್ಲು-ಮಣ್ಣಿನ ಗೋಡೆ ಒಂದೂವರೆ ಮೊಳ ದಪ್ಪ. ಮಧ್ಯಾಹ್ನ ಶಹಾಬಾದ್ ಫರಸಿಯ ಮೇಲೆ ಮಲಗಿದರೆ ಬೆನ್ನಿಗೆ ತಂಪು, ರಾತ್ರಿ ಅದೇ ಗೋಡೆ ಹಗಲಿನ ಧಗೆಯನ್ನೆಲ್ಲ ಬಿಡುತ್ತದೆ. ಹೀಗಾಗಿ ಅವರು ಹನ್ನೊಂದರ ಮೇಲೆ ಎದ್ದು, ಕತ್ತಲಲ್ಲಿ ಮೆಟ್ಟಿಲು ಹತ್ತಿ ಮೇಲಿನ ಪತ್ರಾಸ್ (ತಗಡಿನ ಸೂರಿನ) ಕೋಣೆಗೆ ಹೋಗುತ್ತಾರೆ. ಎಲ್ಲಿ ಬೀಳುತ್ತಾರೋ ಎಂದು ಅವ್ವಗೆ ದಿನಾ ಚಿಂತೆ. ಜಲ್ದಿ ಹೋಗ್ರಿ ಅಂದರೆ, "ಪತ್ರಾ ಇನ್ನಾ ಕಾದದ ತಡಿ" ಅನ್ನುತ್ತಾರೆ.

ಮೇಲಿನ ಕೋಣೆ ಎಷ್ಟು ಹೊತ್ತಿಗೆ ಕೆಳಗಿನದಕ್ಕಿಂತ ತಣ್ಣಗಾಗುತ್ತದೆ? ಇದನ್ನು ಅಳೆಯಲಿಕ್ಕೇ, ಒಂದೇ ಬೋರ್ಡಿನ ಪುಟ್ಟ ಕಂಪ್ಯೂಟರ್ ಆದ ಒಂದು ರಾಸ್ಪ್‌ಬೆರಿ ಪೈ 4 ತರಿಸಿದೆ. 2 ಜಿಬಿಯದು, ಜೊತೆಗೆ 32 ಜಿಬಿ ಮೆಮೊರಿ ಕಾರ್ಡ್, ನೀರು ತಾಗದ ಉಕ್ಕಿನ ಕೊಳವೆಯಲ್ಲಿರುವ ಬಿಸಿ ಅಳೆಯುವ ಡಿಎಸ್18ಬಿ20 ಸೆನ್ಸರ್ ಎರಡು.

ಮೊದಲ ರಾತ್ರಿ

ಟಿವಿಗೆ ಹಚ್ಚೋಣವೆಂದರೆ ಪೈ 4ರಲ್ಲಿ ಇರುವುದು ಮೈಕ್ರೋ ಎಚ್‌ಡಿಎಂಐ. ಮನೆಯ ಕೇಬಲ್ ಅದರಲ್ಲಿ ಕೂರುವುದಿಲ್ಲ. ಸರಿ, ಪರದೆ ಇಲ್ಲದೆಯೇ ಆಗಲಿ ಎಂದು ಲ್ಯಾಪ್‌ಟಾಪ್‌ನಲ್ಲಿ ಆಪರೇಟಿಂಗ್ ಸಿಸ್ಟಮ್ ಇಳಿಸಿಕೊಂಡು, ಆ ಫೈಲನ್ನು ಹಾಡು ಕಾಪಿ ಮಾಡಿದಂತೆ ಕಾರ್ಡಿಗೆ ಕಾಪಿ ಮಾಡಿದೆ. ಕರೆಂಟ್ ಕೊಟ್ಟರೆ ಕೆಂಪು ದೀಪ ಹತ್ತಿತು, ಹಸಿರು ದೀಪ ನಾಲ್ಕು ಸಲ ಮಿಣುಕಿ ನಿಂತಿತು. ಮತ್ತೆ ನಾಲ್ಕು. ಬೂಟ್ ಆಗಲು ಬೇಕಾದ ಫೈಲ್ ಕಾರ್ಡಿನಲ್ಲಿ ಸಿಗಲಿಲ್ಲ ಎನ್ನುವುದಕ್ಕೆ ಪೈ ಹೀಗೆ ನಾಲ್ಕು ಸಲ ಮಿಣುಕುತ್ತದೆ. ಏಳು ಸಲ ಮಿಣುಕಿದರೆ ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಸಿಕ್ಕಿಲ್ಲ ಎಂದು. ಆ ಫೈಲನ್ನು ಕಾಪಿ ಮಾಡುವುದಲ್ಲ, ಅದರೊಳಗಿನ ಡಿಸ್ಕಿನ ಪಡಿಯಚ್ಚನ್ನು ಕಾರ್ಡಿನ ಮೇಲೆ ಬರೆಯಬೇಕು. ಅದಕ್ಕೆಂದೇ ರಾಸ್ಪ್‌ಬೆರಿ ಪೈ ಇಮೇಜರ್ ಎಂಬ ಪ್ರೋಗ್ರಾಮ್ ಇದೆ.

ಎರಡನೇ ದಿನ

ಇಮೇಜರ್‌ನಿಂದ ಲೈಟ್ ಆವೃತ್ತಿ (ಅಕ್ಷರಗಳಲ್ಲೇ ಆಜ್ಞೆ ಕೊಡುವಂಥದ್ದು) ಬರೆದೆ. ಬರೆಯುವ ಮೊದಲೇ ಸೆಟ್ಟಿಂಗ್‌ನಲ್ಲಿ ಬಳಕೆದಾರರ ಹೆಸರು, ಪಾಸ್‌ವರ್ಡ್, ವೈ-ಫೈ, ಅದರ ದೇಶ ಭಾರತ, ಬೇರೆ ಕಂಪ್ಯೂಟರಿನಿಂದ ಒಳಗೆ ಹೋಗಲು ಬೇಕಾದ ಎಸ್‌ಎಸ್‌ಎಚ್ ಎಲ್ಲ ತುಂಬಿಟ್ಟೆ. ಹಳೆ ವಿಡಿಯೋಗಳಲ್ಲಿ 'ಪೈ' ಎಂಬ ಹೆಸರಿಂದ, 'ರಾಸ್ಪ್‌ಬೆರಿ' ಎಂಬ ಪಾಸ್‌ವರ್ಡಿನಿಂದ ಒಳಗೆ ಹೋಗಿ ಎನ್ನುತ್ತಾರೆ. 2022ರ ಏಪ್ರಿಲ್‌ನಲ್ಲೇ ಆ ಸಿದ್ಧ ಖಾತೆ ತೆಗೆದಿದ್ದಾರೆ, ಖಾತೆ ನಾವೇ ಮಾಡಿಕೊಳ್ಳಬೇಕು. ಕಾರ್ಡ್ ಹಾಕಿ ಎರಡು-ಮೂರು ನಿಮಿಷ ಬಿಟ್ಟೆ. ಲ್ಯಾಪ್‌ಟಾಪಿನ ಕರಿ ಪರದೆಯಲ್ಲಿ ಪೈಗೆ ನಾನಿಟ್ಟ 'ನಡುಮನಿ' ಎಂಬ ಹೆಸರು ಕಂಡಾಗ ರಾತ್ರಿ ಒಂದಾಗಿತ್ತು. ಎಷ್ಟು ಖುಷಿಯಾಯಿತೆಂದರೆ, ಮಲಗಿದ್ದ ತಮ್ಮನನ್ನು ಎಬ್ಬಿಸಿ ತೋರಿಸಿದೆ.

ನಾಲ್ಕನೇ ದಿನ: ಕರೆಂಟಿನ ಕಥೆ

ಅಪ್‌ಡೇಟ್ ಕೊಟ್ಟಾಗೆಲ್ಲ ಪೈ ನಡುವೆ ನಿಂತುಬಿಡುತ್ತಿತ್ತು. ಕೆಂಪು ದೀಪ ಆಗಾಗ ಕಣ್ಣು ಮುಚ್ಚಿದಂತೆ ಆರಿ ಹತ್ತುತ್ತಿತ್ತು. ಬೇಸಿಗೆ ಸಂಜೆ ನಮ್ಮ ಓಣಿಯಲ್ಲಿ ವೋಲ್ಟೇಜ್ ಇಳಿಯುತ್ತದಲ್ಲ, ಅದಕ್ಕೇ ಇರಬೇಕು ಎಂದುಕೊಂಡೆ. ಆದರೆ ನಸುಕಿನಲ್ಲೂ ಅದೇ ಪಾಡು. ಪೈಯನ್ನೇ ಕೇಳುವ ಒಂದು ಆಜ್ಞೆ ಇದೆ, ಅದು ಕೊಟ್ಟ ಉತ್ತರ 50005. ಕೊನೆಯ 5 ಎಂದರೆ ಈ ಗಳಿಗೆಯಲ್ಲಿ ವೋಲ್ಟೇಜ್ ಕಡಿಮೆ ಇದೆ, ಅದರಿಂದ ವೇಗ ಇಳಿಸಿದ್ದೇನೆ ಎಂದು. ಮೊದಲ 5 ಎಂದರೆ ಹಚ್ಚಿದಾಗಿನಿಂದ ಯಾವಾಗಲೋ ಹೀಗಾಗಿದೆ ಎಂದು.

ಬೋರ್ಡ್ ತೆಗೆದುಕೊಂಡು ಸೂಪರ್ ಮಾರ್ಕೆಟ್ ಹಿಂದೆ ರೇಡಿಯೋ ರಿಪೇರಿ ಮಾಡುವ ಕಾಕಾ ಹತ್ತಿರ ಹೋದೆ.

"ಏನ್ ಮಾಡ್ಲತ್ತಿದಿ ತಮ್ಮಾ ಇದರಾಗ?"

"ಮನ್ಯಾಗಿನ ಬಿಸಿ ಅಳೀಬೇಕಾಗ್ಯದ ಕಾಕಾ. ಇದು ನಡು ನಡು ಬಂದ್ ಬೀಳ್ಲತ್ತದರಿ."

ಅವರು ಮೀಟರ್ ತೆಗೆದು ಬೋರ್ಡಿನ ಪಿನ್ ಸಾಲಿನಲ್ಲಿ 5 ವೋಲ್ಟಿನ ಎರಡನೇ ಪಿನ್ನಿಗೆ ಕೆಂಪು ಕಡ್ಡಿ, ಗ್ರೌಂಡ್ ಆದ ಆರನೇ ಪಿನ್ನಿಗೆ ಕರಿ ಕಡ್ಡಿ ಹಿಡಿದರು. 4.58 ವೋಲ್ಟ್. ಸುಮಾರು 4.63ಕ್ಕಿಂತ ಇಳಿದರೆ ಪೈ ದೂರು ಹೇಳುತ್ತದೆ. ಚಾರ್ಜರಿನ ಬಾಯಲ್ಲೇ ಅಳೆದರೆ 5.1 ಇತ್ತು! ಅಂದರೆ ಅರ್ಧ ವೋಲ್ಟ್ ದಾರಿಯಲ್ಲಿ, ಆ ಉದ್ದನೆಯ ತೆಳು ಮೊಬೈಲ್ ಕೇಬಲ್ಲಿನಲ್ಲೇ ಕಳೆಯುತ್ತಿತ್ತು. ಮನೆಯ ವೋಲ್ಟೇಜಿನದು ತಪ್ಪಿರಲಿಲ್ಲ. ಇಂಥ ಚಾರ್ಜರ್‌ಗಳು 100ರಿಂದ 240 ವೋಲ್ಟ್‌ವರೆಗೆ ಯಾವುದು ಬಂದರೂ ನಡೆಯುತ್ತವೆ. "ವೈರ್ ನೋಡು, ಸೂಜಿ ದಾರ ಆದಂಗ ಅದ" ಅಂದರು ಕಾಕಾ. ಕೇಬಲ್ ಸೇರಿಯೇ ಬರುವ 5.1 ವೋಲ್ಟ್, 3 ಆಂಪಿಯರ್ ಅಡಾಪ್ಟರ್ ತಂದೆ. ಈಗ ಅದೇ ಆಜ್ಞೆಗೆ ಉತ್ತರ ಬರೀ ಸೊನ್ನೆ.

ಪೈ ಮೊದಲ ಸಲ ತರುವವರಿಗೆ ನಾನು ಹೇಳುವುದು ಇದೊಂದೇ. ಬೋರ್ಡಿಗಿಂತ ಮೊದಲು ಅಡಾಪ್ಟರ್ ತನ್ನಿ. ನನ್ನ ಮೂರು ರಾತ್ರಿ ಸಾಫ್ಟ್‌ವೇರ್ ತಪ್ಪು ಹುಡುಕುವುದರಲ್ಲಿ ಹೋದವು.

ಆರನೇ ದಿನ

ಸೆನ್ಸರಿನ ಕೆಂಪು ವೈರ್ ಒಂದನೇ ಪಿನ್ನಿಗೆ (ಅಲ್ಲಿ 3.3 ವೋಲ್ಟ್), ಕರಿ ವೈರ್ (ಗ್ರೌಂಡ್) ಒಂಬತ್ತಕ್ಕೆ, ಡೇಟಾದ ಹಳದಿ ಏಳಕ್ಕೆ. ಹಳದಿ, ಕೆಂಪಿನ ನಡುವೆ 4.7 ಕಿಲೋ ಓಮ್ ರೆಸಿಸ್ಟರ್ ಬೇಕು, ಇಲ್ಲವಾದರೆ ಸೆನ್ಸರ್ ಮಾತಾಡುವುದಿಲ್ಲ. ಅದನ್ನೂ ಕಾಕಾ ಕೊಟ್ಟಿದ್ದರು. ಬಿಸ್ಕತ್ ಡಬ್ಬಿಯೊಳಗಿನ ನೂರಾರರ ನಡುವೆ ಹಳದಿ, ನೇರಳೆ, ಕೆಂಪು ಪಟ್ಟಿಯದನ್ನು ಬೆರಳಿಂದ ಸರಿಸಿ ತೆಗೆದರು, ರೊಕ್ಕ ತಗೊಳ್ಳಲಿಲ್ಲ. ಪೈಯ ಸೆಟ್ಟಿಂಗ್ ಪ್ರೋಗ್ರಾಮ್ ಆದ ರಾಸ್ಪಿ-ಕಾನ್ಫಿಗ್‌ನಲ್ಲಿ ಈ ಸೆನ್ಸರ್ ಮಾತಾಡುವ ಒನ್-ವೈರ್ ವಿಧಾನ ಚಾಲೂ ಮಾಡಿ ರೀಬೂಟ್ ಮಾಡಿದೆ.

ಎರಡು ಸೆನ್ಸರ್ ಇದ್ದರೂ ಡೇಟಾಕ್ಕೆ ಒಂದೇ ವೈರ್ ಸಾಕು. ಪ್ರತಿಯೊಂದಕ್ಕೂ ಕಾರ್ಖಾನೆಯಲ್ಲೇ ಬೇರೆ ಬೇರೆ ಗುರುತಿನ ಸಂಖ್ಯೆ ಕೆತ್ತಿರುತ್ತಾರೆ, 28ರಿಂದ ಶುರುವಾಗುವಂಥದ್ದು. ಯಾವುದು ಯಾವುದೆಂದು ತಿಳಿಯಲು ಒಂದನ್ನು ಮುಷ್ಟಿಯಲ್ಲಿ ಹಿಡಿದೆ. ಪೈಯಲ್ಲಿ ಪ್ರತಿ ಸೆನ್ಸರಿನ ಅಳತೆಗೂ ಒಂದು ಫೈಲ್ ಇರುತ್ತದೆ. ಅದರಲ್ಲಿ ಒಂದು ಫೈಲಿನ ಸಂಖ್ಯೆ 32125 ಇದ್ದದ್ದು 33, 34, 35 ಸಾವಿರ ಎಂದು ಏರಿತು. ಸಾವಿರದಿಂದ ಭಾಗಿಸಿದರೆ ಡಿಗ್ರಿ. ಅದಕ್ಕೆ ಕೆಂಪು ದಾರ ಕಟ್ಟಿ 'ಪತ್ರಾಸ್' ಎಂದು ಹೆಸರಿಟ್ಟೆ.

ಎಂಟು ಮೀಟರ್ ವೈರ್ ಎಳೆದು ಅದನ್ನು ಮೇಲಿನ ಕೋಣೆಗೆ ಒಯ್ದೆ, ಮುತ್ಯಾನ ಮಂಚದ ಎತ್ತರಕ್ಕೆ, ಗೋಡೆಗೆ ತಾಗದ ಹಾಗೆ ತೂಗುಬಿಟ್ಟೆ. ಪೈ ಕೆಳಗೆ ದೀಪದ ಗೂಡಿನಲ್ಲಿ. ಅದರ ಬಿಸಿ ತಾಗಬಾರದೆಂದು ಇನ್ನೊಂದು ಸೆನ್ಸರ್ ಎದುರು ಮೂಲೆಯಲ್ಲಿ. ಎರಡರ ಅಳತೆಯನ್ನೂ ಪೈಯಲ್ಲಿನ ಪ್ರೋಗ್ರಾಮ್ ಬರೆದಿಡುತ್ತದೆ, ಐದು ನಿಮಿಷಕ್ಕೊಂದು ಸಾಲು, ದಿನಕ್ಕೆ 288.

ಅವ್ವ ಬಂದು, "ಹಗಲೂ ರಾತ್ರಿ ಉರಿತದಲ್ಲಪ್ಪ, ಬಿಲ್ ಎಷ್ಟ್ ಬರ್ತದ?" ಎಂದು ಕೇಳಿದಳು. ಹೆಚ್ಚೆಂದರೆ ತಿಂಗಳಿಗೆ ಎರಡು-ಮೂರು ಯೂನಿಟ್ ಎಂದೆ. ತಲೆಯಾಡಿಸಿ ಹೋದಳು.

ಒಂಬತ್ತನೇ ದಿನ

ನಡುರಾತ್ರಿಯ ಒಂದು ಸಾಲಿನಲ್ಲಿ ಪತ್ರಾಸ್ ಕೋಣೆ 85 ಡಿಗ್ರಿ. ಎದೆ ಝಲ್ಲೆಂದಿತು. ಆದರೆ ಅದರ ಹಿಂದೆ ಮುಂದೆ 31 ಇತ್ತು. ಈ ಚಿಪ್ಪಿಗೆ ಕರೆಂಟ್ ಬಂದೊಡನೆ ಅದರೊಳಗೆ ಇರುವ ಅಂಕಿಯೇ 85. ಅಳತೆ ಮುಗಿಯುವ ಮೊದಲೇ ಕರೆಂಟ್ ತಪ್ಪಿದರೆ ಅದನ್ನೇ ಒಪ್ಪಿಸುತ್ತದೆ. ನಾನು ಬರೀ ಹೊಸೆದು ಟೇಪ್ ಸುತ್ತಿದ್ದ ಜೋಡಣೆ ಗಾಳಿಗೆ ಅಲುಗಾಡುತ್ತಿತ್ತು. ಬೆಸುಗೆ ಹಾಕಿದ ಮೇಲೆ ಮತ್ತೆ ಬಂದಿಲ್ಲ.

ಇನ್ನೊಂದು ತೊಡಕು ಉಳಿದಿದೆ. ಪೈ 4ರಲ್ಲಿ ಗಡಿಯಾರಕ್ಕೆ ಬ್ಯಾಟರಿ ಇಲ್ಲ. ಕರೆಂಟ್ ಹೋಗಿ ಬಂದರೆ, ಕೊನೆಗೆ ಬರೆದಿಟ್ಟ ಹೊತ್ತಿನಿಂದ ಎಣಿಸತೊಡಗುತ್ತದೆ, ಇಂಟರ್‌ನೆಟ್ ಸಿಕ್ಕ ಮೇಲೆ ಸರಿಯಾದ ಸಮಯಕ್ಕೆ ಹಾರುತ್ತದೆ. ಮಂಗಳವಾರ ಸಂಜೆ ಹಾಗಾಗಿ ಏಳರಿಂದ ಎಂಟರ ಲೆಕ್ಕ ಕಲಸಿಹೋಯಿತು, ಆ ದಿನದ್ದನ್ನು ಪೂರ್ತಿ ಕೈಬಿಟ್ಟೆ. ಸದ್ಯಕ್ಕೆ, ಸಮಯ ಸರಿಹೋಗುವ ತನಕ ಏನೂ ಬರೆಯಬೇಡ ಎಂದು ಪ್ರೋಗ್ರಾಮಿಗೆ ಹೇಳಿದ್ದೇನೆ. ನಾಣ್ಯದಂಥ ಬ್ಯಾಟರಿಯಿಂದ ನಡೆಯುವ ಡಿಎಸ್3231 ಗಡಿಯಾರ ಚಿಪ್ ತರಿಸಬೇಕು.

ಹನ್ನೆರಡನೇ ದಿನ

ಸರಿಯಾದ ಐದು ದಿನಗಳ ಸಾಲು ಕೈಯಲ್ಲಿವೆ. ಮಧ್ಯಾಹ್ನ ಮೂರಕ್ಕೆ ಪತ್ರಾಸ್ ಕೋಣೆ 44 ದಾಟುತ್ತದೆ, ನಡುಮನೆ 34ರಲ್ಲಿರುತ್ತದೆ. ಸಂಜೆ ಆರರ ನಂತರ ಮೇಲಿನದು ಸರಸರ ಇಳಿಯುತ್ತದೆ, ಕೆಳಗಿನದು ಮೆಲ್ಲಗೆ 35ಕ್ಕೆ ಏರಿ ಅಲ್ಲೇ ಕೂರುತ್ತದೆ. ಎರಡೂ ಒಂದಾಗುವುದು 8.20ರಿಂದ 8.45ರ ನಡುವೆ, ಐದು ದಿನವೂ. ಒಂಬತ್ತೂವರೆಗೆ ಮೇಲಿನದು ಎರಡು ಡಿಗ್ರಿ ಕಡಿಮೆ.

ಕಾಗದದ ಮೇಲೆ ಎರಡು ಗೆರೆ ಬಿಡಿಸಿ ಮುತ್ಯಾಗೆ ತೋರಿಸಿದೆ. ಗೆರೆ ಕೂಡುವಲ್ಲಿ ಬೆರಳಿಟ್ಟು, "ಇದು ಎಷ್ಟ್ ಗಂಟೆ?" ಎಂದು ಕೇಳಿದರು. ಒಂಬತ್ತರೊಳಗೆ ಎಂದೆ. ಒಂದು ಗಳಿಗೆ ಸುಮ್ಮನಿದ್ದು, "ಪತ್ರಾ ಮುಟ್ಟಿದ್ರ ಗೊತ್ತಾಗ್ತದ, ನೋಡಾಮು" ಅಂದರು. ಊಟ ಮುಗಿಸಿ ಒಂಬತ್ತೂಕಾಲಿಗೆ, ಓಣಿಯ ದೀಪ ಮೆಟ್ಟಿಲ ಮೇಲೆ ಬೀಳುತ್ತಿದ್ದಾಗಲೇ, ನನ್ನ ಹೆಗಲು ಹಿಡಿದು ಹತ್ತಿದರು. ಮಂಚದ ಮೇಲೆ ನಿಂತು ಪತ್ರಾಸಿಗೆ ಅಂಗೈ ಹಚ್ಚಿ ನೋಡಿದ್ದು ನಾನು. ಅದು ಆರಿತ್ತು. ಹಾಸಿಗೆ ಬಿಡಿಸಿಕೊಟ್ಟು ಕೆಳಗೆ ಬಂದೆ.